ಭಾವ ಮುಂದೆ ನಡೆದರೆ

ನಮ್ಮ ಭಾವನ ಬಲ ಮೊಣಕಾಲು ಕೆಟ್ಟುಹೋಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. ಅವರಿಗೆ ಓಡಲು ಆಗುವುದಿಲ್ಲ. ಇಳಿಜಾರಿನಲ್ಲಿ ಸ್ವಲ್ಪ ಬೇಗ ನಡೆದರೂ ಕೀಲು ಹಿಡಿದುಕೊಂಡು ಕಾಲು ಕೋಲಿನ ಹಾಗೆ ನಿಂತುಬಿಡುತ್ತದೆ. ಆಮೇಲೆ ಕೈಯಿಂದ ಹಿಸುಕಿ, ಆಚೀಚೆ ತಿರುಗಿಸಿ, ಒಳಗಿಂದ ಟಕ್ ಅಂತ ಶಬ್ದ ಬಂದ ಮೇಲೆಯೇ ಅದು ಮಡಚುವುದು. ಇಂಥ ಕಾಲು ಇಟ್ಟುಕೊಂಡು ಭಾವ ದಿನಾ ಬೆಳಿಗ್ಗೆ ಆನೆ ತಿರುಗುವ ತೋಟದೊಳಗೆ ಎಲ್ಲರಿಗಿಂತ ಮೊದಲು ಹೋಗುತ್ತಾರೆ. ಅವರು ಹೋಗದಿದ್ದರೆ ಹೆಣ್ಣಾಳುಗಳು ತೋಟಕ್ಕೆ ಇಳಿಯುವುದಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸೀತೂರಿನ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳಿಗೆ ಹಾಜರಿ ಹಾಕುವುದು, ಕೆಲಸ ಹಂಚುವುದು, ಸಂಜೆ ಹಣ್ಣು ತೂಗುವುದು ಅವರ ಕೆಲಸ. ನಾನು ಪಿಕಪ್ ಓಡಿಸುತ್ತೇನೆ. ಮುತ್ತಿನಕೊಪ್ಪದ ಕಡೆಯಿಂದ ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ಬಂದು ತೋಟದ ಗೇಟಿಗೆ ಬಿಡುತ್ತೇನೆ, ಸಂಜೆ ವಾಪಸ್ ಕರೆದುಕೊಂಡು ಹೋಗುತ್ತೇನೆ. ನಡುವೆ ಕೊಪ್ಪಕ್ಕೆ ಗೊಬ್ಬರವೋ ಮೂಟೆಯೋ ಇದ್ದರೆ ಒಂದು ಬಾಡಿಗೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಭಾವ ಹಾಗಲ್ಲ, ಡಿಗ್ರಿ ಮಾಡಿದವರು. ಶೃಂಗೇರಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದರು. ಪುಸ್ತಕಕ್ಕಿಂತ ಮೈದಾನವೇ ಹೆಚ್ಚು ಗೊತ್ತಿತ್ತು ಎಂದು ಅವರೇ ಹೇಳುತ್ತಾರೆ. ನಾನೂರು ಮೀಟರ್ ಓಟ. ಬೆಳಿಗ್ಗೆ ಹೊಳೆ ಪಕ್ಕದ ರಸ್ತೆಯಲ್ಲಿ ಓಡುವಾಗ ಮೊದಲನೇ ಬಸ್ಸಿನ ಡ್ರೈವರ್ ಬೇಕೆಂದೇ ನಿಧಾನ ಮಾಡಿ, ಹಾರ್ನ್ ಹೊಡೆದು, ಇವರ ಜೊತೆ ಪಂದ್ಯ ಕಟ್ಟುತ್ತಿದ್ದನಂತೆ. ಬೇರೆ ಬೇರೆ ಊರಿಗೆ ಹೋಗಿ ಕಪ್ಪು ತಂದಿದ್ದಾರೆ. ಪೊಲೀಸ್ ಸೆಲೆಕ್ಷನ್ನಿಗೆ ಹೋದಾಗ ಓಟದಲ್ಲಿ ಮೊದಲು ಬಂದರು, ಎತ್ತರ ಕಡಿಮೆ ಬಿತ್ತು. ಅಲ್ಲಿಗೆ ಮುಗಿಯಿತು. ಕಪ್ಪುಗಳು ಈಗಲೂ ಮನೆಯಲ್ಲಿವೆ. ಎಲ್ಲಕ್ಕಿಂತ ದೊಡ್ಡದರಲ್ಲಿ ಅಕ್ಕ ಬಾಚಣಿಗೆ, ಹೇರ್‌ಪಿನ್ನು ಹಾಕಿಡುತ್ತಾಳೆ. ಭಾವ ಅದಕ್ಕೆ ಒಂದು ದಿನವೂ ಏನೂ ಅಂದಿಲ್ಲ.

ಅವರನ್ನು ಊರಿನವರು ನೆನಪಿಟ್ಟುಕೊಂಡಿರುವುದು ಕಪ್ಪಿಗಾಗಿ ಅಲ್ಲ. ಆನೆಗಾಗಿ.

ಅದು ಕೆಲವು ವರ್ಷದ ಹಿಂದಿನ ಮಾತು. ಕಾಫಿ ಹಣ್ಣು ಕೊಯ್ಯುವ ಕಾಲ. ಆಳುಗಳನ್ನು ಇಳಿಸಿ ನಾನು ಗಾಡಿ ತಿರುಗಿಸುತ್ತಿದ್ದೆ. ಒಂಟಿ ಸಲಗ ತೋಟದ ಒಳಗಿಂದ ರಸ್ತೆಗೆ ಬಂತು. ಆನೆ ಬಂದರೆ ನೆಲ ನಡುಗುತ್ತದೆ ಅನ್ನುತ್ತಾರಲ್ಲ, ಸುಳ್ಳು. ಸದ್ದೇ ಇರಲಿಲ್ಲ. ಹೆಂಗಸರು ದಿಕ್ಕಿಗೊಬ್ಬರು ಚದುರಿದರು. ಅವರಲ್ಲಿ ಹಿರಿಯಳು, ನಾವೆಲ್ಲ ಅಜ್ಜಿ ಅಂತ ಕರೆಯುವವಳು, ಹಣ್ಣಿನ ಚೀಲ ಕಾಲಿಗೆ ತೊಡರಿ ರಸ್ತೆಯಲ್ಲೇ ಬಿದ್ದಳು. ಆನೆ ಅವಳ ಕಡೆಗೆ ತಿರುಗಿತು.

ಭಾವ ಆಗಷ್ಟೇ ಬೈಕಿನಲ್ಲಿ ಬಂದಿದ್ದರು. ಬೈಕನ್ನು ಹಾಗೇ ಬೀಳಲು ಬಿಟ್ಟು, ಮೈಮೇಲಿದ್ದ ಕೆಂಪು ಜರ್ಕಿನ್ ಕಿತ್ತು ಬೀಸುತ್ತಾ, ಆನೆಗೂ ಅಜ್ಜಿಗೂ ನಡುವೆ ನುಗ್ಗಿದರು. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಆನೆಯ ಅಮ್ಮ, ಅಕ್ಕ, ಯಾರನ್ನೂ ಬಿಡಲಿಲ್ಲ. ಆನೆ ಅಜ್ಜಿಯನ್ನು ಬಿಟ್ಟು ಇವರ ಹಿಂದೆ ಬಿತ್ತು.

ಅಂಥ ಓಟವನ್ನು ನಾನು ಮತ್ತೆ ನೋಡಿಲ್ಲ. ರಸ್ತೆಯಿಂದ ಕೊಯ್ಲಾದ ಗದ್ದೆಗೆ ಹಾರಿದರು. ನೇರ ಓಡದೆ ಹಾವಿನ ಹಾಗೆ ಆ ಕಡೆ ಈ ಕಡೆ ತಿರುಗಿ ಓಡಿದರು. ಗದ್ದೆಯ ಆಚೆ, ಪಕ್ಕದ ತೋಟದ ಗಡಿಗೆ ತೋಡಿದ ಆಳದ ಅಗಳು ಇತ್ತು. ಅದನ್ನು ಒಂದೇ ನೆಗೆತಕ್ಕೆ ದಾಟಿದರು. ಆನೆ ಅಗಳಿನ ಅಂಚಿಗೆ ಬಂದು ನಿಂತಿತು, ಕೆಳಗೆ ನೋಡಿತು, ಮಣ್ಣು ಎತ್ತಿ ತನ್ನ ಬೆನ್ನಿಗೇ ಎರಚಿಕೊಂಡು ಕಾಡಿನ ಕಡೆ ಹೋಯಿತು. ಹಾರಿ ಆಚೆ ಬಿದ್ದಾಗ ಭಾವನ ಮೊಣಕಾಲು ಕಲ್ಲಿಗೆ ಬಡಿದಿತ್ತು. ಅದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ನಾವು ನೋಡಿದ್ದು ಓಟ.

ಆಮೇಲೆ ಕೊಪ್ಪದಲ್ಲಿ ಕರೆದು ಸನ್ಮಾನ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಕಟ್ಟಿದರು. ಒಂದು ಕಡೆ ಭಾವ ಕಾಲೇಜಿನಲ್ಲಿ ಚಡ್ಡಿ ಹಾಕಿ ಓಡುವ ಹಳೆಯ ಫೋಟೋ, ಇನ್ನೊಂದು ಕಡೆ ಆನೆ. ಆ ಆನೆಯ ಕಿವಿ ಮೊರದಷ್ಟು ದೊಡ್ಡದಿತ್ತು, ನಮ್ಮ ಕಡೆಯದೇ ಅಲ್ಲ, ಯಾವುದೋ ಬೇರೆ ದೇಶದ್ದು. ಫ್ಲೆಕ್ಸ್ ಮಾಡಿದವನಿಗೆ ಹೇಳಿದೆ.

“ಆನೆ ಆನೆಯೇ ಅಲ್ವನಾ ಮಾರಾಯ,” ಅಂದ. “ಇದು ನೋಡಕ್ಕೆ ಗಮ್ಮತ್ತಾಗಿದೆ.”

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆನೆ ಬರುವುದು ನಿಲ್ಲಲಿಲ್ಲ. ಅದೇ ಆನೆಯೋ ಬೇರೆಯದೋ, ಹದಿನೈದು ದಿನಕ್ಕೊಮ್ಮೆ ಲದ್ದಿ ಕಾಣುತ್ತಿತ್ತು, ಆನೆ ಇಷ್ಟಪಟ್ಟು ತಿನ್ನುವ ಬೈನೆ ಮರ ಮುರಿದು ಬಿದ್ದಿರುತ್ತಿತ್ತು. ಪಟಾಕಿ ಹೊಡೆದು ಓಡಿಸಿದರೆ ಪಕ್ಕದ ಊರಿಗೆ ಹೋಗುತ್ತದೆ, ಅವರು ಓಡಿಸಿದರೆ ನಮ್ಮಲ್ಲಿಗೆ ಬರುತ್ತದೆ. ಹೆಂಗಸರು ತೋಟಕ್ಕೆ ಇಳಿಯುವುದಿಲ್ಲ ಎಂದು ಗೇಟಿನಲ್ಲೇ ಕೂತರು. ಆಗ ಅಜ್ಜಿ ಒಂದು ಮಾತು ಹೇಳಿದಳು.

“ಆನೆ ಒಂದ್ಸಲ ಬಿಟ್ಟೋರನ್ನ ಮತ್ತೆ ಮುಟ್ಟೂದಿಲ್ಲ. ಅದ್ಕೆ ಗುರ್ತ ಇರ್ತದೆ. ರೈಟ್ರು ಮುಂದೆ ಹೋಗ್ಲಿ, ನಾವು ಹಿಂದೆ ಬತ್ತೇವೆ.”

ಇದು ಹಳೆಯ ಕಾಲದ ನಂಬಿಕೆಯೋ, ಅವಳೇ ಆವತ್ತು ಕಟ್ಟಿದ್ದೋ ನನಗೆ ಗೊತ್ತಿಲ್ಲ. ಭಾವ ನಕ್ಕು, ಆಯ್ತು ಅಜ್ಜಿ ಅಂತ ಒಳಗೆ ಹೋದರು. ತೋಟದ ಕೊನೆವರೆಗೆ, ಕಾಡಿನ ಬೇಲಿ ಸಿಗುವ ತನಕ ನಡೆದು ಹೋಗಿ, ಅಲ್ಲಿಂದ ಒಂದು ಕೂ ಹಾಕಿದರು. ನಮ್ಮ ಕಡೆ ದೂರದವರನ್ನು ಕರೆಯುವುದು ಹಾಗೆಯೇ, ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ಕೂ ಅನ್ನುವುದು. ಕೂ ಕೇಳಿದ ಮೇಲೆ ಹೆಂಗಸರು ಚೀಲ ಎತ್ತಿಕೊಂಡು ಇಳಿದರು.

ಮಾರನೇ ದಿನವೂ ಹಾಗೇ ಆಯಿತು. ಅದರ ಮಾರನೇ ದಿನವೂ. ಈಗ ಅದೇ ಪದ್ಧತಿ. ಬೆಳಿಗ್ಗೆ ಭಾವ ಒಬ್ಬರೇ ಒಳಗೆ ಹೋಗುತ್ತಾರೆ. ಗೇಟಿನಲ್ಲಿ ಎಲ್ಲರೂ ಕೂ ಕೇಳಲು ಕಾಯುತ್ತಾರೆ. ಕೂ ಬರುವ ತನಕ ಯಾರೂ ಎಲೆ ಅಡಿಕೆ ಕೂಡ ಹಾಕುವುದಿಲ್ಲ.

ಕಾಲಿನ ವಿಷಯ ನನಗೆ ಗೊತ್ತಾದದ್ದು ಅವರು ನನ್ನ ಗಾಡಿಯಿಂದ ಇಳಿಯುವುದನ್ನು ನೋಡಿ. ಬೈಕ್ ಬಿಟ್ಟು ಪಿಕಪ್ಪಿನಲ್ಲಿ ಬರಲು ಶುರು ಮಾಡಿದ್ದರು. ಕಿಕ್ ಹೊಡೆಯಲು ಆಗುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಬಾಗಿಲು ಹಿಡಿದುಕೊಂಡು, ಬೆನ್ನು ಹೊರಗೆ ಮಾಡಿ, ಏಣಿ ಇಳಿದ ಹಾಗೆ ಇಳಿದರು.

“ಎಂತ ಭಾವ, ಅಟ್ಟದಿಂದ ಇಳಿದ ಹಂಗೆ ಇಳೀತೀರಿ?”

“ಸುಮ್ನಿರಾ.”

“ಕಾಲಿಗೆ ಎಂತ ಆಗಿದೆ?”

“ಎಂತದೂ ಇಲ್ಲ. ಗಾಡಿ ತೆಗಿ ನೀನು.”

ಕೊಪ್ಪಕ್ಕೆ ಒಟ್ಟಿಗೆ ಹೋದ ದಿನ ಮೆಡಿಕಲ್ ಅಂಗಡಿಗೆ ಹೋದರು. ಅಂಗಡಿ ಇಟ್ಟಿರುವ ಕಾಕನಿಗೆ ಊರಿನವರ ಕಾಯಿಲೆಯೆಲ್ಲ ಗೊತ್ತು, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಭಾವ ಮೊಣಕಾಲಿಗೆ ಹಾಕುವ ಪಟ್ಟಿ ಕೇಳಿದರು.

“ಯಾರಿಗೆ?”

“ಅತ್ತೆಗೆ.”

“ಸೈಜು?”

“ದೊಡ್ಡದೇ ಕೊಡಿ.”

ಕಾಕ ಭಾವನ ಕಾಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. “ನಿಮ್ಮ ಅತ್ತೆ ಫುಟ್ಬಾಲ್ ಆಡ್ತಾರನಾ ಮಾರಾಯ್ರೇ?” ಅಂದರು.

ಭಾವನ ಅತ್ತೆ ಅಂದರೆ ನನ್ನ ಅಮ್ಮ. ಅಮ್ಮ ಸತ್ತು ವರ್ಷಗಳಾಗಿವೆ. ಹೊರಗೆ ಬಂದ ಮೇಲೆ ಕೇಳಿದೆ. ಆಗ ಭಾವ ಪ್ಯಾಂಟು ಮೇಲೆತ್ತಿ ತೋರಿಸಿದರು. ಮೊಣಕಾಲು ಬೆಂದ ಗೆಣಸಿನ ಹಾಗೆ ಊದಿತ್ತು.

“ಯಾರಿಗೂ ಹೇಳ್ಬೇಡ,” ಅಂದರು.

“ಅಕ್ಕಂಗೆ?”

“ಅವಳಿಗೆ ಗೊತ್ತಿದೆ. ಒಂದೇ ಮನೇಲಿ ಇರೂದಲ್ವನಾ.”

ಅಕ್ಕ ಹಟ ಹಿಡಿದು ಶಿವಮೊಗ್ಗಕ್ಕೆ ಕಳಿಸಿದಳು. ನಾನೇ ಕರೆದುಕೊಂಡು ಹೋದೆ. ಡಾಕ್ಟರು ಕಾಲನ್ನು ಮಡಚಿ, ಎಳೆದು, ತಿರುಚಿ ನೋಡಿದರು. ಒಳಗಿನ ನಾರು ಯಾವಾಗಲೋ ಹರಿದಿದೆ, ಹರಿದದ್ದರ ಮೇಲೆ ಇಷ್ಟು ವರ್ಷ ನಡೆದು ಕೀಲಿನ ಮೆತ್ತೆ ಸವೆದುಹೋಗಿದೆ ಅಂದರು. ಆಪರೇಷನ್ ಮಾಡಿದರೆ ನೋವು ಕಡಿಮೆಯಾಗಬಹುದು, ತಿಂಗಳುಗಟ್ಟಲೆ ಮನೆಯಲ್ಲಿರಬೇಕು, ಮೊದಲಿನ ಕಾಲಂತೂ ಬರುವುದಿಲ್ಲ.

“ಓಡ್ಬಹುದಾ ಸರ್?” ಭಾವ ಕೇಳಿದರು.

“ಓಡೋದಾ? ಮೆಟ್ಟಿಲು ಹತ್ತೋದೇ ಕಡಿಮೆ ಮಾಡಿ.”

“ತುಂಬ ದೂರ ಅಲ್ಲ. ಒಂದು ಗದ್ದೆ ಅಗಲದಷ್ಟು.”

ಡಾಕ್ಟರು ತಲೆ ಎತ್ತಿದರು. ಯಾವ ಊರು ಅಂತ ಕೇಳಿದರು. ಹೇಳಿದೆವು. “ನಿಮ್ಮ ಕಡೆಯವರೇ ಅಲ್ವಾ, ಆನೆ ಎದುರು ಓಡಿ ಅಜ್ಜೀನ ಉಳಿಸಿದ್ದು? ಪೇಪರಲ್ಲಿ ಬಂದಿತ್ತು.”

“ಇವ್ರೇ ಸರ್,” ಅಂದೆ ನಾನು.

ಡಾಕ್ಟರು ಕುರ್ಚಿಯಿಂದ ಎದ್ದು ಕೈ ಕೊಟ್ಟರು. ನಿಮ್ಮಂಥವರು ಇರಬೇಕು ಅಂದರು. ನರ್ಸನ್ನು ಕರೆದು ಒಂದು ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಭಾವನ ಕೈಯಲ್ಲಿ ಅವರ ಮೊಣಕಾಲಿನ ಎಕ್ಸ್‌ರೇ ಇದೆ. ಕಪ್ಪು ಹಿಡಿದ ಹಾಗೆ ಹಿಡಿದುಕೊಂಡಿದ್ದಾರೆ.

ಮನೆಗೆ ಬಂದ ಮೇಲೆ ಅಕ್ಕ ಊಟ ಬಡಿಸಿ ಎದುರು ಕೂತಳು.

“ನಾಳೆಯಿಂದ ನೀವು ಹೋಗೂದು ಬೇಡ.”

“ರೈಟರ್ ಹೋಗ್ದಿದ್ರೆ ಹೆಂಗಾಗ್ತದೆ?”

“ಹಾಜರಿ ಹಾಕಕ್ಕೆ ಹೋಗಿ. ಮುಂದೆ ಹೋಗೂದು ಬೇಡ. ಆನೆ ಬಂದ್ರೆ ಎಂತ ಮಾಡ್ತೀರಿ, ಹೇಳಿ ನೋಡುವ.”

ಭಾವ ಅನ್ನ ಕಲಸುತ್ತಾ ಕೂತರು.

ಮರುದಿನ ಅವರು ಹೋಗಲಿಲ್ಲ. ಜ್ವರ ಅಂತ ಹೇಳು ಅಂದರು, ಹೇಳಿದೆ. ಹೆಂಗಸರು ಗೇಟಿನ ಎದುರು ರಸ್ತೆ ಬದಿಯಲ್ಲಿ ಬುತ್ತಿ ಇಟ್ಟುಕೊಂಡು ಕೂತರು. ಮಧ್ಯಾಹ್ನ ಅಲ್ಲೇ ಉಂಡರು. ಸಂಜೆ ಗಾಡಿ ಹತ್ತಿದರು. ಅವತ್ತಿನ ಕೂಲಿ ಇಲ್ಲ. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡನೇ ದಿನವೂ ಹಾಗೇ ಆಯಿತು. ಅವತ್ತು ಸಂಜೆ ಎಲ್ಲರೂ ಇಳಿದ ಮೇಲೂ ಅಜ್ಜಿ ಗಾಡಿಯಲ್ಲೇ ಕೂತು, ನನ್ನ ಜೊತೆ ಭಾವನ ಮನೆಗೆ ಬಂದಳು. ಸೆರಗಿನಲ್ಲಿ ಒಂದಿಷ್ಟು ಕಾಳುಮೆಣಸು, ಶುಂಠಿ ಕಟ್ಟಿಕೊಂಡಿದ್ದಳು.

“ಕಷಾಯ ಮಾಡಿ ಕೊಡು ಮಗಾ,” ಅಂತ ಅಕ್ಕನ ಕೈಗೆ ಕೊಟ್ಟಳು. ಜಗಲಿಯ ತುದಿಯಲ್ಲಿ ಕೂತು ಭಾವನನ್ನು ನೋಡಿದಳು. “ಇಳಿದ್ಯಾ ಜ್ವರ?”

“ಇಳಿದಿದೆ ಅಜ್ಜಿ.”

“ನಿಧಾನಕ್ಕೆ ಬನ್ನಿ. ಪೂರ್ತಿ ಇಳಿದ ಮೇಲೇ ಬನ್ನಿ. ನಾವು ಕಾಯ್ತೇವೆ.”

ನಾವು ಕಾಯ್ತೇವೆ ಅಂದದ್ದೇ ಸಾಕಾಯಿತು. ಮರುದಿನ ಬೆಳಿಗ್ಗೆ ಭಾವ ನನಗಿಂತ ಮೊದಲು ಗಾಡಿಯ ಹತ್ತಿರ ನಿಂತಿದ್ದರು. ದಾರಿಯಲ್ಲಿ ನಾನು ಜಗಳ ಮಾಡಿದೆ. ನಿಮಗೆ ಹೆಸರು ಕೆಡುತ್ತದೆ ಅಂತ ಹೆದರಿಕೆ, ಅಷ್ಟೇ ಅಂದೆ.

“ಹೆಸರು ಎಂತಕ್ಕೆ ಮಾರಾಯ, ಉಪ್ಪು ಹಾಕಿ ನೆಕ್ಕಕ್ಕಾ?” ಅಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ ಮತ್ತೆ ಮಾತು ತೆಗೆದರು. “ಆವತ್ತು ಓಡಿದ್ದು ಧೈರ್ಯಕ್ಕಲ್ಲ. ಓಡೂದೊಂದು ಗೊತ್ತಿತ್ತು, ಓಡ್ದೆ. ಬೇರೆ ಎಂತದೂ ಗೊತ್ತಿಲ್ಲ ನಂಗೆ. ಈಗ ಓಡಕ್ಕೂ ಆಗೂದಿಲ್ಲ. ಆದ್ರೆ ಅವ್ರು ಒಲೆ ಹಚ್ಬೇಕಲ್ಲ.”

ತೋಟದ ಸಾಹುಕಾರರ ಹತ್ತಿರ ನಾನೇ ಹೋದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಕಣದಲ್ಲಿ ಹಣ್ಣು ಹರಡುವುದನ್ನು ನೋಡುತ್ತಾ ನಿಂತಿದ್ದರು. ಎಲ್ಲ ಕೇಳಿಸಿಕೊಂಡರು.

“ಹೌದನಾ? ಒಂದು ಮಾತು ಹೇಳಿಲ್ಲ ಅವ್ನು. ಮನೇಲಿರಕ್ಕೆ ಹೇಳು. ಸಂಬಳ ಕೊಡ್ತೇನೆ, ಆಪರೇಷನ್ ಆಗ್ಲಿ. ನಾನೇನು ಅವನನ್ನ ಮುಂದೆ ಕಳ್ಸಿದ್ದಲ್ಲ ಮಾರಾಯ, ಆಳುಗಳೇ ಕರ್ಕೊಂಡು ಹೋದದ್ದು. ಅವ್ರಿಗೆ ನೀನು ಹೇಳಿ ಒಪ್ಸು.”

ಮರುದಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹೆಂಗಸರಿಗೆ ಹೇಳಿದೆ. ಭಾವ ಆಗಲೇ ಒಳಗೆ ಹೋಗಿದ್ದರು, ಕೂ ಬಂದಿರಲಿಲ್ಲ.

“ನಿಮ್ಮ ರೈಟ್ರ ಕಾಲು ಹೋಗಿದೆ. ಓಡಕ್ಕೆ ಆಗೂದಿಲ್ಲ. ಆನೆ ಬಂದ್ರೆ ಮೊದ್ಲು ಸಾಯೂದು ಅವ್ರೇ. ಗೊತ್ತಾಯ್ತಾ?”

ಒಬ್ಬಳು ನಕ್ಕಳು. ಅಜ್ಜಿ ನಗಲಿಲ್ಲ.

“ಓಡಕ್ಕೆ ಯಾರು ಹೇಳಿದ್ರು ಅವ್ರಿಗೆ?” ಅಂದಳು. “ಅವ್ರು ಇದ್ರೆ ಸಾಕು. ಅದು ಮುಟ್ಟೂದಿಲ್ಲ.”

“ಮುಟ್ಟಿದ್ರೆ?”

“ಕೆಟ್ಟ ಬಾಯಿ ನಿಂದು.”

“ಹಂಗಾದ್ರೆ ನಾನೇ ಮುಂದೆ ಹೋಗ್ತೇನೆ. ನಂಗೆ ಎರಡೂ ಕಾಲು ಸರಿ ಇದೆ. ಭಾವ ಹಾಜರಿ ಹಾಕ್ಲಿ.”

“ಹೋಗು,” ಅಂದಳು ನಕ್ಕವಳು. “ಯಾರು ಬೇಡ ಅಂದ್ರು. ಆನೆಗೂ ದಿನಾ ಒಬ್ರನ್ನೇ ನೋಡಿ ಬೇಜಾರು ಬಂದಿರ್ಬಹುದು.”

ಹೋದೆ. ಮಾರನೇ ದಿನ ಭಾವನನ್ನು ಗಾಡಿಯಲ್ಲೇ ಕೂರಿಸಿ, ಬಾಗಿಲು ಹೊರಗಿನಿಂದ ಚಿಲಕ ಹಾಕಿ, ನಾನು ಒಳಗೆ ಹೋದೆ. ಕಾಫಿ ಗಿಡಗಳ ನಡುವಿನ ದಾರಿ. ಮಂಜು. ಒಂದೊಂದು ಬೈನೆ ಮರವೂ ಆನೆಯ ಕಾಲಿನ ಹಾಗೆ ಕಾಣುತ್ತದೆ. ಭಾವ ಇದನ್ನು ದಿನಾ ಕಾಲು ಎಳೆದುಕೊಂಡು ಮಾಡುತ್ತಾರೆ. ಬೇಲಿಯ ತನಕ ಹೋದೆ, ಗಟ್ಟಿಯಾಗಿ ಕೂ ಹಾಕಿದೆ. ಕಾದೆ. ಯಾರೂ ಬರಲಿಲ್ಲ. ಮತ್ತೆ ಹಾಕಿದೆ. ದೂರದಲ್ಲಿ ಎಲ್ಲಿಯೋ ಒಂದು ನಾಯಿ ಬೊಗಳಿತು. ವಾಪಸ್ ಬಂದು ನೋಡಿದರೆ ಹೆಂಗಸರು ಮೊದಲಿದ್ದ ಜಾಗದಲ್ಲೇ ಕೂತಿದ್ದರು.

“ಕೂ ಕೇಳ್ಲಿಲ್ವಾ?” ಅಂದೆ.

“ಕೇಳ್ತು,” ಅಂದಳು ಅಜ್ಜಿ. “ನಿನ್ನನ್ನ ಆನೆ ನೋಡಿಲ್ವಲ್ಲ ಮಗಾ.”

ಭಾವ ಕಿಟಕಿಯಿಂದ ಕೈ ಹೊರಗೆ ಹಾಕಿ ಚಿಲಕ ತೆಗೆದು ಇಳಿದರು. ನನ್ನ ಮುಖ ನೋಡಲಿಲ್ಲ. ಒಳಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಕೂ ಬಂತು. ಹೆಂಗಸರು ಎದ್ದರು.

ಆಮೇಲೆ ನಾನು ಮಾಡಬಹುದಾಗಿದ್ದದ್ದು ಒಂದೇ. ಅವರ ಹಿಂದೆ ಹೋಗುವುದು. ಗಾಡಿ ನಿಲ್ಲಿಸಿ, ಸ್ವಲ್ಪ ದೂರ ಬಿಟ್ಟು, ಅವರಿಗೆ ಕಾಣದ ಹಾಗೆ ಹೋಗುತ್ತಿದ್ದೆ. ಹೋಗಿ ಏನು ಮಾಡುತ್ತಿದ್ದೆ ಅಂತ ಕೇಳಿದರೆ ಗೊತ್ತಿಲ್ಲ. ಹೊತ್ತುಕೊಂಡು ಓಡುತ್ತೇನೆ ಅಂತ ಅಂದುಕೊಂಡಿದ್ದೆ.

ಅದು ಬಂದ ದಿನ ಮಂಜು ಬೇಗ ಹರಿದಿತ್ತು. ತೋಟ ಅಲ್ಲಿ ಇಳಿಜಾರು, ಗೇಟಿನ ಹತ್ತಿರದ ದಿಣ್ಣೆಯಿಂದ ಕೆಳಗಿನ ಬೇಲಿವರೆಗೂ ಕಾಣುತ್ತದೆ. ಭಾವ ಬೇಲಿಯ ಹತ್ತಿರ ಹೋಗಿದ್ದರು. ನಾನು ಮೇಲೆ ಒಂದು ಸಿಲ್ವರ್ ಓಕ್ ಮರದ ಹಿಂದೆ ನಿಂತಿದ್ದೆ. ಬೇಲಿಯ ಪಕ್ಕ ಬೂದಿ ಬಣ್ಣದ ಬಂಡೆ ಇದ್ದ ಹಾಗೆ ಕಂಡಿತು. ಆ ಬಂಡೆ ಕಿವಿ ಬಡಿಯಿತು.

ಭಾವ ತಿರುಗಲು ನೋಡಿದರು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಹಿಡಿದುಕೊಂಡಿತ್ತು. ಬಲಗಾಲು ನೆಟ್ಟಗೆ, ಪಕ್ಕದ ಕಾಫಿ ಗಿಡದ ರೆಂಬೆಯನ್ನು ಕೈಯಲ್ಲಿ ಹಿಡಿದು, ಅಲ್ಲೇ ನಿಂತರು. ಆನೆ ಬೇಲಿಯ ಕಲ್ಲುಕಂಬ ದೂಡಿ ಒಳಗೆ ಬಂತು. ಅವರ ಕಡೆಗೇ ಬಂತು. ಸೊಂಡಿಲು ಎತ್ತಿ ಗಾಳಿ ಮೂಸಿತು. ಓಡಿ ಹೋಗಿ ಹೊತ್ತುಕೊಳ್ಳಬೇಕಿತ್ತು ನಾನು. ನನ್ನ ಎರಡೂ ಕಾಲು ಸರಿ ಇದ್ದವು, ಒಂದೂ ಏಳಲಿಲ್ಲ. ಕೂಗಲೂ ಆಗಲಿಲ್ಲ. ಮರ ಹಿಡಿದುಕೊಂಡು ನೋಡಿದೆ, ಅಷ್ಟೇ.

ಆನೆ ನಿಂತಿತು. ಇಬ್ಬರ ನಡುವೆ ನನ್ನ ಪಿಕಪ್ ನಿಲ್ಲಿಸುವಷ್ಟು ಜಾಗ ಇದ್ದಿರಬಹುದು. ಎಷ್ಟು ಹೊತ್ತು ನಿಂತಿತು ಎಂದು ಹೇಳಲಾರೆ. ಆಮೇಲೆ ಏನಾಯಿತೋ, ತಲೆ ಒಮ್ಮೆ ಅಲ್ಲಾಡಿಸಿ, ಪಕ್ಕಕ್ಕೆ ತಿರುಗಿ, ಕಾಫಿ ಗಿಡ ಮುರಿದುಕೊಂಡು, ಬೇಲಿ ಗುಂಟ ಕೆಳಗೆ ಹೋಯಿತು. ಸದ್ದು ನಿಂತ ಮೇಲೆ ಭಾವ ಗಿಡದ ಬುಡದಲ್ಲಿ ಕುಸಿದು ಕೂತರು. ಎರಡೂ ಕೈಯಲ್ಲಿ ಮೊಣಕಾಲು ಹಿಸುಕತೊಡಗಿದರು.

ಹೆಂಗಸರು ದಿಣ್ಣೆಯಿಂದ ಎಲ್ಲ ನೋಡಿದ್ದರು. ಕೂ ಇಲ್ಲದೆಯೇ ಅವತ್ತು ಮೊದಲ ಸಲ ಇಳಿದು ಬಂದರು, ಓಡಿಯೇ ಬಂದರು. ಅಜ್ಜಿ ಭಾವನ ಎದುರು ಕೂತು ಅವರ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕೆಟ್ಟ ಮೊಣಕಾಲನ್ನೇ ಮುಟ್ಟಿದಳು. ಭಾವ ನೋವಿಗೆ ಹಲ್ಲು ಕಚ್ಚಿದರು.

“ಕಾಲು ಹಿಡ್ಕೊಂಡಿತ್ತು ಅಜ್ಜಿ,” ಅಂದರು. “ಓಡಕ್ಕೆ ನೋಡ್ದೆ, ಆಗ್ಲಿಲ್ಲ. ಅದ್ಕೇ ನಿಂತದ್ದು. ದೇವ್ರಾಣೆ.”

“ದೊಡ್ಡೋರು ಹಂಗೇ ಹೇಳೂದು,” ಅಂದಳು ಅಜ್ಜಿ.

“ಅಲ್ಲ ಅಜ್ಜಿ, ನಿಜಕ್ಕೂ ಹೇಳ್ತಿದ್ದೇನೆ. ಹೆದ್ರಿ ಸತ್ತೇ ಹೋಗಿದ್ದೆ.”

ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ಒಬ್ಬಳು ನೀರು ಕೊಟ್ಟಳು. “ಡ್ರೈವರ್ ನೋಡಿ, ಮರ ತಬ್ಕೊಂಡು ನಿಂತಿದ್ದಾನೆ,” ಅಂದಳು ಇನ್ನೊಬ್ಬಳು. ಅವರಿಗೆ ಹೆದರುವವರು ಹೇಗೆ ಕಾಣುತ್ತಾರೆ ಎಂದು ತೋರಿಸಲು ನಾನು ಇದ್ದೆ. ಭಾವ ಹಾಗೆ ಕಂಡಿರಲಿಲ್ಲ.

ಅವರಲ್ಲಿ ಒಬ್ಬಳ ಮಗಳು ದಿಣ್ಣೆಯಿಂದ ಫೋನಿನಲ್ಲಿ ವಿಡಿಯೋ ತೆಗೆದಿದ್ದಳು. ಸಂಜೆಯೊಳಗೆ ಅದು ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಎಲ್ಲ ಕಡೆ ಹೋಯಿತು. ಮಾರನೇ ದಿನ ಕೊಪ್ಪದಲ್ಲಿ ಗೊಬ್ಬರ ತುಂಬಿಸುವಾಗ ಹಮಾಲಿಗಳು ನನಗೇ ತೋರಿಸಿದರು. ಮೆಡಿಕಲ್ ಅಂಗಡಿಯ ಕಾಕ ಒಳಗಿಂದ ಕರೆದರು.

“ಬಾರಾ ಇಲ್ಲಿ. ಇದು ನಿನ್ನ ಭಾವ ಅಲ್ವಾ? ಕಲ್ಲಿನ ಹಂಗೆ ನಿಂತಿದ್ದಾರಲ್ಲ ಮಾರಾಯ. ನಾನು ಸುಮ್ನೆ ಅವ್ರಿಗೆ ಮಂಡಿನೋವು ಅಂತ ತಿಳ್ಕೊಂಡಿದ್ದೆ.”

“ಮಂಡಿನೋವೇ ಕಾಕಾ.”

“ಹೋಗ್ಲಿ ಬಿಡು. ಮಂಡಿನೋವಿದ್ದೋರು ಹಿಂಗೆ ನಿಲ್ತಾರನಾ?”

ನಿಲ್ಲುವುದು ಮಂಡಿನೋವಿನವರೇ, ಸರಿ ಇದ್ದವರು ಓಡುತ್ತಾರೆ ಎಂದು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ, ವಿಡಿಯೋ ಮತ್ತೆ ಮೊದಲಿನಿಂದ ಹಾಕಿಕೊಂಡಿದ್ದರು.

ಮನೆಯಲ್ಲಿ ಅಕ್ಕ ನನ್ನ ಫೋನು ಇಸಿದುಕೊಂಡು ಒಬ್ಬಳೇ ನೋಡಿದಳು. ಒಲೆಯ ಮುಂದೆ ಕೂತು ಮತ್ತೆ ಮತ್ತೆ ನೋಡಿದಳು. ಭಾವ ಹಿಂದಿನ ಕೋಣೆಯಲ್ಲಿ ಬಿಸಿನೀರಿನ ಬಟ್ಟೆ ಕಾಲಿಗೆ ಸುತ್ತಿಕೊಂಡು ಮಲಗಿದ್ದರು.

“ಇಲ್ಲಿ ನೋಡು,” ಅಂದಳು ನನಗೆ.

“ಎಂತದು?”

“ಕಾಫಿ ಗಿಡ.”

ಭಾವ ಹಿಡಿದುಕೊಂಡ ಗಿಡ ಬುಡದಿಂದ ತುದಿಯವರೆಗೆ ನಡುಗುತ್ತಿತ್ತು. ಹಣ್ಣು ಉದುರುವುದೂ ಕಾಣುತ್ತಿತ್ತು. ಅಕ್ಕಪಕ್ಕದ ಒಂದು ಗಿಡವೂ ಅಲ್ಲಾಡುತ್ತಿರಲಿಲ್ಲ. ಗಾಳಿ ಇರಲಿಲ್ಲ. ಇಷ್ಟು ಜನ ನೋಡಿದ ವಿಡಿಯೋದಲ್ಲಿ ಇದನ್ನು ಅಕ್ಕ ಒಬ್ಬಳೇ ನೋಡಿದ್ದಳು. ಫೋನು ನನ್ನ ಕೈಗೆ ಕೊಟ್ಟು ಅಕ್ಕಿ ಆರಿಸಲು ಕೂತಳು. ಹೋಗಬೇಡಿ ಎಂದು ಮತ್ತೆ ಅವರಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು ಎಂದು ಅವಳಿಗೂ ಗೊತ್ತಾಗಿತ್ತು.

ಪಕ್ಕದ ತೋಟದವರು ಮಾರನೇ ವಾರ ಬಂದರು. ಅವರ ಆಳುಗಳೂ ತೋಟಕ್ಕೆ ಇಳಿಯುತ್ತಿಲ್ಲವಂತೆ. ಬೆಳಿಗ್ಗೆ ಇಲ್ಲಿ ಮುಗಿಸಿ ಅಲ್ಲಿಗೂ ಒಂದು ಸಲ ಬಂದು ಹೋಗಿ, ಜೀಪು ಕಳಿಸುತ್ತೇವೆ ಅಂದರು. ಭಾವ ಆಗುವುದಿಲ್ಲ, ಕಾಲು ಸರಿ ಇಲ್ಲ ಅಂದರು. ಬಂದವರು ಭಾವನ ಕಾಲನ್ನು ನೋಡಿ ನಕ್ಕರು. “ಜೀಪು ಕಳ್ಸ್ತೇವೆ ಅಂತ ಹೇಳಿದ್ನಲ್ಲ, ನಡೆಯೂದೆಲ್ಲಿ ಬಂತು?” ಅಂತ ಕಾಫಿ ಕುಡಿದು ಹೋದರು. ಜೀಪು ಬಂತು. ಭಾವ ಹತ್ತಿದರು.

ಆಪರೇಷನ್ ಹಣ್ಣು ಕೊಯ್ಲು ಮುಗಿದ ಮೇಲೆ ಅಂತ ಇತ್ತು. ಈಗ ಮಳೆಗಾಲ ಕಳೆಯಲಿ ಅಂತ ಆಗಿದೆ. ಆ ಹೊತ್ತಿಗೆ ಇನ್ನೊಂದು ಕೊಯ್ಲು ಬರುತ್ತದೆ.

ಇವತ್ತು ಬೆಳಿಗ್ಗೆಯೂ ಹೋಗಿದ್ದೆವು. ರಾ‌ತ್ರಿ ಮೇಲಿನ ಗದ್ದೆಯಲ್ಲಿ ಆನೆ ಕಂಡಿದೆ ಎಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂದಿತ್ತು. ಭಾವನಿಗೆ ಓದಿ ಹೇಳಿದೆ. “ಹೂಂ” ಅಂದರು. ನಾನು ಇಳಿದು ಬಂದು ಬಾಗಿಲು ತೆಗೆದು, ಹೆಗಲು ಕೊಟ್ಟು ಇಳಿಸಿದೆ. ಹೆಂಗಸರು ದಾರಿ ಬಿಟ್ಟರು. ಅಜ್ಜಿ ಚಪ್ಪಲಿ ಬಿಟ್ಟು ನಿಂತಿದ್ದಳು, ಈಗೀಗ ಅದೊಂದು ಶುರುವಾಗಿದೆ. ಭಾವ ಗೇಟು ದಾಟಿ ಇಳಿಜಾರಿಗೆ ಕಾಲಿಟ್ಟರು, ಮೊದಲು ಎಡಗಾಲು, ಆಮೇಲೆ ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮಂಜಿನಲ್ಲಿ ಕಾಣಲಿಲ್ಲ.

ನಾನು ಈಗ ಅವರ ಹಿಂದೆ ಹೋಗುವುದಿಲ್ಲ. ಹೋದರೆ ಏನು ಮಾಡುತ್ತೇನೆ ಎಂದು ನೋಡಿ ಆಯಿತು. ಗಾಡಿಯನ್ನು ಕೊಪ್ಪದ ಆಸ್ಪತ್ರೆ ಕಡೆಗೆ ಮುಖ ಮಾಡಿ ನಿಲ್ಲಿಸಿಕೊಳ್ಳುತ್ತೇನೆ. ಹಿಂದಿನ ಬಾಗಿಲು ಬಿಚ್ಚಿಟ್ಟು, ಒಳಗೆ ಹಳೆಯ ಹಾಸಿಗೆ ಹಾಸಿರುತ್ತೇನೆ. ಇಂಜಿನ್ ಬಂದ್ ಮಾಡುವುದಿಲ್ಲ.

“ಬಂದ್ ಮಾಡು ಮಾರಾಯ,” ಅಂದಳು ಅಜ್ಜಿ. “ಆ ಗಲಾಟೆಯಲ್ಲಿ ಕೂ ಹೆಂಗೆ ಕೇಳ್ಬೇಕು?”

“ಕೇಳ್ತದೆ, ನಿಂತ್ಕೊಳ್ಳಿ,” ಅಂದೆ.

ಎಲ್ಲರೂ ಕೆಳಗಿನ ಮಂಜನ್ನು ನೋಡುತ್ತಾ ನಿಂತೆವು.